ಸಿಗಡಿ ಸಿಪ್ಪೆ ಪುಡಿಯನ್ನು ಗಾಯಕ್ಕೆ ಹಚ್ಚಬಹುದಾ?

ಸಿಗಡಿ ಸಿಪ್ಪೆ ಒಣಗಿಸಿ, ಪುಡಿ ಮಾಡಿ ಗಾಯಕ್ಕೆ ಹಾಕಬಹುದಾ, ಅದರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕೈಟೋಸಾನ್ ಇದೆಯಂತಲ್ಲ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಸಿಪ್ಪೆಯಲ್ಲಿ ಇರುವುದು ಕೈಟೋಸಾನ್ ಅಲ್ಲ, ಅದನ್ನು ತಯಾರಿಸಲು ಬಳಸುವ ಕೈಟಿನ್ ಎಂಬ ನಾರಿನಂಥ ವಸ್ತು, ಜೊತೆಗೆ ಸುಣ್ಣ, ಪ್ರೋಟೀನ್. ಅಲರ್ಜಿ ತರುವುದೂ ಆ ಪ್ರೋಟೀನೇ.

ಕೈಟೋಸಾನ್ ಮಾಡುವ ಕಡೆ ಮೊದಲು ಸಿಪ್ಪೆಯನ್ನು ತೆಳು ಆಸಿಡ್‌ನಲ್ಲಿ ಹಾಕುತ್ತಾರೆ. ಗುಳ್ಳೆ ಗುಳ್ಳೆಯಾಗಿ ನೊರೆ ಬರುತ್ತದೆ, ಸುಣ್ಣ ಕರಗಿ ಸಿಪ್ಪೆ ಮೆತ್ತಗಾಗುತ್ತದೆ. ತೆಳು ಕಾಸ್ಟಿಕ್ ಸೋಡಾದಲ್ಲಿ ಪ್ರೋಟೀನ್ ಹೋಗುತ್ತದೆ. ಆಮೇಲೆ ಶೇಕಡಾ 40–50ರಷ್ಟು ಗಟ್ಟಿ ಕಾಸ್ಟಿಕ್‌ನಲ್ಲಿ ಬಿಸಿ ಮಾಡಿದಾಗಲೇ ಕೈಟಿನ್ ಕೈಟೋಸಾನ್ ಆಗುವುದು. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ ಇದು, ಕಣ್ಣಿಗೆ ಸಿಡಿದರೆ ಕಥೆ ಮುಗಿಯಿತು.

ಕೈಟೋಸಾನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವುದೇನೋ ನಿಜ. ಸ್ವಲ್ಪ ಹುಳಿ (ಆಸಿಡ್ ಗುಣ) ಇರುವ ಕಡೆ ಕೈಟೋಸಾನ್‌ಗೆ ಧನ ವಿದ್ಯುದಂಶ (ಪಾಸಿಟಿವ್ ಚಾರ್ಜ್) ಬರುತ್ತದೆ. ಬ್ಯಾಕ್ಟೀರಿಯಾದ ಮೈಮೇಲೆ ಇರುವುದು ಋಣ. ಧನ, ಋಣ ಒಂದನ್ನೊಂದು ಸೆಳೆಯುವುದರಿಂದ ಕೈಟೋಸಾನ್ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ಹೊರಪದರ ಕೆಡಿಸಿ, ಒಳಗಿನದ್ದು ಸೋರುವಂತೆ ಮಾಡುತ್ತದೆ. ಹುಳಿ ಇಲ್ಲದಿದ್ದರೆ ಮಾಮೂಲಿ ಕೈಟೋಸಾನ್ ಸರಿಯಾಗಿ ಕರಗುವುದೂ ಇಲ್ಲ. ಜಾಹೀರಾತಿನವರು ಇದನ್ನು ಹೇಳಲ್ಲ ಅಷ್ಟೇ.

ಕೈಟೋಸಾನ್ ಬ್ಯಾಂಡೇಜ್‌ಗಳು ಇವೆ. ಇರಾಕ್ ಯುದ್ಧದಲ್ಲಿ ಅಮೆರಿಕದ ಸೈನಿಕರು ರಕ್ತ ನಿಲ್ಲಿಸಲು ಬಳಸಿದ್ದರು. ಬೇಕಿದ್ದರೆ ಮೆಡಿಕಲ್ ಶಾಪ್‌ನಲ್ಲಿ ಅಂಥದ್ದನ್ನೇ ಕೇಳಿ. ನಿಮ್ಮ ಸಿಪ್ಪೆಯನ್ನು ತೆಂಗಿನ ಬುಡಕ್ಕೆ ಹಾಕಿ, ಮೇಲೆ ಮಣ್ಣು ಮುಚ್ಚಿ. ಇಲ್ಲದಿದ್ದರೆ ಬೀದಿ ನಾಯಿಗಳು ಬಿಡಲ್ಲ.