ಮೋಟಾರ್ ಬದಲಿಸಬೇಡಿ, ಬಾಲ ಬದಲಿಸಿ

ನೀರಲ್ಲಿ ಚೆನ್ನಾಗಿ ಈಜುವ ನಿಮ್ಮ ಮೀನಿನ ಮಾದರಿ ಗ್ಲಿಸರಿನ್‌ಗೆ ಬಿಟ್ಟ ಕೂಡಲೇ ನಿಂತಲ್ಲೇ ಬಾಲ ಆಡಿಸುತ್ತಿದೆ. ಬ್ಯಾಕ್ಟೀರಿಯಾ ಹೇಗೆ ಈಜುತ್ತದೆ ಅಂತ ತೋರಿಸಲು ಇನ್ನೂ ಜೋರಾದ ಮೋಟಾರ್ ಹಾಕಲೇ ಅಂತ ಕೇಳಿದ್ದೀರಿ. ಬೇಡ. ನಾನು ಹಾಕಿದ್ದೆ. ಕೊನೇ ವರ್ಷದ ಪ್ರಾಜೆಕ್ಟ್‌ನ ಮೂರು ತಿಂಗಳು ಅದರಲ್ಲೇ ಮುಳುಗಿಹೋಯಿತು.

ನನ್ನದು 8 ಸೆಂಟಿಮೀಟರ್ ಉದ್ದದ ಗೊಂಬೆ. ಹಿಂದೆ ಎರಡು ಗಟ್ಟಿ ಪ್ಲಾಸ್ಟಿಕ್ ರೆಕ್ಕೆ. ಪುಸ್ತಕದ ಹಾಗೆ ತೆರೆದು ಮುಚ್ಚುತ್ತಿದ್ದವು. ನಿಮ್ಮದು ಬಾಲ, ನನ್ನದು ರೆಕ್ಕೆ, ರೋಗ ಒಂದೇ. ನೀರಲ್ಲಿ ಬಾಣದ ಹಾಗೆ ಹೋಗುತ್ತಿತ್ತು. ಗ್ಲಿಸರಿನ್‌ನಲ್ಲಿ ಮುಚ್ಚಿದಾಗ ಮುಂದೆ, ತೆರೆದಾಗ ಅಷ್ಟೇ ಹಿಂದೆ.

ಆಗ ನನಗೊಂದು ಉಪಾಯ ಹೊಳೆಯಿತು. ನಿಧಾನಕ್ಕೆ ತೆರೆಯೋಣ, ಫಟ್ ಅಂತ ಮುಚ್ಚೋಣ. ಒದೆತ ಜೋರಾಗಿದ್ದರೆ ಮುಂದೆ ಹೋಗಲೇಬೇಕು, ಅಲ್ವಾ? ಎಲ್ಲರಿಗೂ ಹೊಳೆಯುವುದು ಇದೇ, ನಿಮಗೂ ಇವತ್ತೋ ನಾಳೆಯೋ ಹೊಳೆಯುತ್ತದೆ. ಹಾಗಾಗಿ ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

ತೆರೆಯಲು 2 ಸೆಕೆಂಡ್, ಮುಚ್ಚಲು 0.2 ಸೆಕೆಂಡ್ ಅಂತ ಇಟ್ಟುಕೊಳ್ಳಿ. ಮುಚ್ಚುವ ವೇಗ ಹತ್ತು ಪಟ್ಟು. ನಿಜವಾಗಿಯೂ ಅಂಟಂಟಾದ ದ್ರವದಲ್ಲಿ ಒತ್ತಡ ಬರುವುದು ವೇಗಕ್ಕೆ ತಕ್ಕಷ್ಟು. ಹಾಗಾಗಿ ಒದೆತವೂ ಹತ್ತು ಪಟ್ಟು, ಗೊಂಬೆ ಮುಂದೆ ಹೋಗುವ ವೇಗವೂ ಹತ್ತು ಪಟ್ಟು. ಇಲ್ಲಿಯವರೆಗೆ ನನ್ನ ಲೆಕ್ಕ ಸರಿ. ಆದರೆ ಆ ಒದೆತ ಇರುವುದು ಹತ್ತನೇ ಒಂದು ಭಾಗ ಹೊತ್ತು ಮಾತ್ರ. ಗುಣಿಸಿ ನೋಡಿ, ಹೋದ ದೂರ ಅಷ್ಟಕ್ಕಷ್ಟೇ. ಮನೆಯಿಂದ ಗೇಟಿನ ತನಕ ನಡೆದು ಹೋಗಿ ಓಡಿ ವಾಪಸ್ ಬಂದ ಹಾಗೆ. ಎಷ್ಟು ಜೋರಾಗಿ ಓಡಿದರೂ ಬಂದು ನಿಲ್ಲುವುದು ಮನೆ ಬಾಗಿಲಲ್ಲೇ.

ನೀರಲ್ಲಿ ನಡೆಯುತ್ತಿದ್ದದ್ದು ಇಲ್ಲಿ ಯಾಕೆ ನಡೆಯುವುದಿಲ್ಲ? ನೀರಲ್ಲಿ ಗೊಂಬೆಗೂ ಸುತ್ತಲಿನ ನೀರಿಗೂ ಜಡತ್ವ ಇರುತ್ತದೆ. ಒದ್ದ ಮೇಲೂ ನೀರು ಹಿಂದಕ್ಕೆ ಹರಿಯುತ್ತಿರುತ್ತದೆ, ಗೊಂಬೆ ಮುಂದಕ್ಕೆ ಜಾರುತ್ತಿರುತ್ತದೆ. ಬ್ಯಾಕ್ಟೀರಿಯಾಕ್ಕೆ ಆ ಭಾಗ್ಯ ಇಲ್ಲ, ಅಷ್ಟು ಪುಟ್ಟ ಮೈಗೆ ನೀರೂ ಗ್ಲಿಸರಿನ್‌ನ ಹಾಗೆ ಅಂಟಂಟು. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್, ವೇಗ ಸೆಕೆಂಡಿಗೆ 20-30 ಮೈಕ್ರೋಮೀಟರ್. ಅದು ಈಜುವುದನ್ನು ನಿಲ್ಲಿಸಿದರೆ ಒಂದು ಪರಮಾಣುವಿನಷ್ಟು ದೂರ ಕೂಡ ಜಾರುವುದಿಲ್ಲ, ಗಕ್ಕನೆ ನಿಲ್ಲುತ್ತದೆ. ಒಂದು ಕ್ಷಣದ ಹಿಂದೆ ಏನು ಮಾಡಿದ್ದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಈಗ ಮೈಯ ಆಕಾರ ಹೇಗೆ ಬದಲಾಗುತ್ತಿದೆ ಅನ್ನುವುದಷ್ಟೇ ಲೆಕ್ಕ. ಹೋದ ದಾರಿಯಲ್ಲೇ ಆಕಾರ ವಾಪಸ್ ಬಂದರೆ ಮೈಯೂ ವಾಪಸ್. ಒಂದೇ ಕೀಲು ಇದ್ದರೆ ವಾಪಸ್ ಬರಲು ಬೇರೆ ದಾರಿಯಾದರೂ ಎಲ್ಲಿದೆ? ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರ ಲೇಖನದಲ್ಲಿ ಹೇಳಿದ ಸ್ಕ್ಯಾಲಪ್ ಪ್ರಮೇಯ ಇದೇ. ಸ್ಕ್ಯಾಲಪ್ ಅಂದರೆ ಒಂದು ಜಾತಿಯ ಕಪ್ಪೆಚಿಪ್ಪು, ತೆರೆದು ಮುಚ್ಚಿ ಈಜುವಂಥದ್ದು. ನನ್ನ ಗೊಂಬೆಯ ಅಕ್ಕ ಅನ್ನಿ.

ಇಷ್ಟಾದರೆ ನಾನು ಒಂದು ವಾರದಲ್ಲಿ ಕೈಬಿಡುತ್ತಿದ್ದೆ. ಕೆಟ್ಟದ್ದು ಏನಾಯಿತು ಅಂದರೆ, ಜೋರಾದ ಮೋಟಾರ್ ಹಾಕಿದಾಗ ಗೊಂಬೆ ಸ್ವಲ್ಪ ಮುಂದೆ ಹೋಯಿತು! ಕುಣಿದುಬಿಟ್ಟೆ. ಇನ್ನೂ ಜೋರಿನ ಮೋಟಾರ್, ಇನ್ನೂ ಗಟ್ಟಿ ಗೇರ್, ಮೂರು ತಿಂಗಳು ಹೀಗೇ. ದ್ರವದ ಅಂಟಿಗೆ ಹೋಲಿಸಿದರೆ ಜಡತ್ವ ಎಷ್ಟು ಜೋರು ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಲು ಎರಡು ನಿಮಿಷ ಸಾಕಿತ್ತು, ಹಾಕಲಿಲ್ಲ. ಸೆಕೆಂಡಿಗೆ 5 ಸೆಂಟಿಮೀಟರ್ ವೇಗಕ್ಕೆ ನನ್ನದು ಸುಮಾರು 4 ಬರುತ್ತಿತ್ತು. ಬ್ಯಾಕ್ಟೀರಿಯಾದ್ದು 0.0001ಕ್ಕಿಂತ ಕಡಿಮೆ. ಅಂದರೆ ಮೋಟಾರ್ ಜೋರು ಮಾಡಿದಷ್ಟೂ ನಾನು ಬ್ಯಾಕ್ಟೀರಿಯಾ ಲೋಕದಿಂದ ಮೀನಿನ ಲೋಕಕ್ಕೆ ಹತ್ತಿರವಾಗುತ್ತಿದ್ದೆ. ಗೊಂಬೆ ಮುಂದೆ ಹೋಗುತ್ತಿದ್ದದ್ದೇ ಅದಕ್ಕೆ. ಸಾಲದ್ದಕ್ಕೆ ಮುಚ್ಚಳ ಇಲ್ಲದ ತೊಟ್ಟಿಯಲ್ಲಿ ಗ್ಲಿಸರಿನ್ ಗಾಳಿಯ ತೇವ ಹೀರಿ ದಿನದಿನಕ್ಕೆ ತೆಳ್ಳಗಾಗುತ್ತಿತ್ತು. ನಾನು ಅದನ್ನೂ ಪ್ರಗತಿ ಅಂದುಕೊಂಡೆ.

ಪರೀಕ್ಷಕರು ಒಂದೇ ಮಾತು ಹೇಳಿದರು: "ಹತ್ತು ಪಟ್ಟು ನಿಧಾನ ಮಾಡಿ ತೋರಿಸು." ತೋರಿಸಿದೆ. ಗೊಂಬೆ ನಿಂತಲ್ಲೇ ನಿಂತಿತು. ನಾನೂ.

ನನ್ನ ಕೇಳಿದರೆ ನಿಮ್ಮ ಪ್ರಶ್ನೆಯೇ ತಪ್ಪು. "ಬ್ಯಾಕ್ಟೀರಿಯಾ ಅಂದರೆ ಪುಟ್ಟ ಮೀನು, ಅದಕ್ಕೆ ಶಕ್ತಿ ಸಾಲುತ್ತಿಲ್ಲ" ಅನ್ನುವುದನ್ನು ತಲೆಯಿಂದ ತೆಗೆಯಿರಿ. ಅದು ಬಾಲ ಆಡಿಸುವುದೇ ಇಲ್ಲ. ಸುರುಳಿಯಾದ ಗಟ್ಟಿ ಎಳೆಯನ್ನು ಸೆಕೆಂಡಿಗೆ ನೂರರ ಆಸುಪಾಸು ಸುತ್ತು ತಿರುಗಿಸುತ್ತದೆ. ತಿರುಗಿಸುವುದರಲ್ಲಿ ಹಿಂದೆ ಬರುವ ಹೊಡೆತವೇ ಇಲ್ಲ, ನೋಡಿ. ತಳ್ಳು ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಒಂದು ತೆಳು ತಂತಿಯ ತುಂಡನ್ನು ಓರೆಯಾಗಿ ಹಿಡಿದು ಗ್ಲಿಸರಿನ್‌ಗೆ ಬಿಡಿ. ನೇರ ಕೆಳಗೆ ಹೋಗುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ತೆಳು ತಂತಿಯನ್ನು ಅಡ್ಡಡ್ಡ ಎಳೆಯಲು ಉದ್ದುದ್ದ ಎಳೆಯುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಲ ಬೇಕು. ಸುರುಳಿಯ ಪ್ರತಿ ತುಂಡೂ ಹಾಗೆ ಓರೆಯಾದ ತಂತಿಯೇ. ಅಷ್ಟೇ ಗುಟ್ಟು.

ಎರಡು ಕೀಲು ಹಾಕಬಹುದು, ಬಳುಕುವ ರಬ್ಬರ್ ಬಾಲವೂ ನಡೆಯುತ್ತದೆ. ನನಗೆ ಅವು ತಲೆನೋವು ಅನ್ನಿಸಿತು, ಸುರುಳಿಯೇ ಸುಲಭ. ಗಿಟಾರ್ ತಂತಿಯಷ್ಟು ಗಟ್ಟಿ ತಂತಿಯನ್ನು ಪೆನ್ನಿಗೆ ಸುತ್ತಿ ಬಿಡಿಸಿದರೆ ಬಾಲ ರೆಡಿ. ಬಾಲ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗುತ್ತದೆ, ಗಾಬರಿಯಾಗಬೇಡಿ, ಬ್ಯಾಕ್ಟೀರಿಯಾದ ಮೈಯೂ ಹಾಗೆಯೇ ತಿರುಗುತ್ತದೆ. ಮೈ ಸ್ವಲ್ಪ ದಪ್ಪ ಇರಲಿ, ಇಲ್ಲದಿದ್ದರೆ ಬಾಲಕ್ಕಿಂತ ಅದೇ ಜಾಸ್ತಿ ಗಿರಕಿ ಹೊಡೆಯುತ್ತದೆ. ಬ್ಯಾಟರಿ ಒಳಗೇ ಇರಲಿ, ಹೊರಗಿನ ವೈರ್ ಗೊಂಬೆಯನ್ನು ಎಳೆದು ಸುಳ್ಳು ಫಲಿತಾಂಶ ಕೊಡುತ್ತದೆ. ಸಿಕ್ಕರೆ ನೀರಿಗಿಂತ ಹತ್ತು ಸಾವಿರ ಪಟ್ಟು ಗಟ್ಟಿ ಇರುವ ಸಿಲಿಕೋನ್ ಎಣ್ಣೆ ಬಳಸಿ, ಮೋಟಾರನ್ನು ನಿಧಾನ ಮಾಡಿ. ಹೌದು, ನಿಧಾನ.

ಎಲ್ಲಕ್ಕಿಂತ ಮೊದಲು ಈಗಿರುವ ಗೊಂಬೆಯನ್ನೇ ಗ್ಲಿಸರಿನ್‌ಗೆ ಬಿಟ್ಟು, ಅದರ ಮೈ ಕದಲುತ್ತಿರುವಾಗಲೇ ಮೋಟಾರ್ ಆಫ್ ಮಾಡಿ ವಿಡಿಯೋ ತೆಗೆಯಿರಿ. ಆಫ್ ಆದ ಮೇಲೂ ಕಣ್ಣಿಗೆ ಕಾಣುವಷ್ಟು ಜಾರಿದರೆ ನೀವಿನ್ನೂ ಮೀನಿನ ಲೋಕದಲ್ಲೇ ಇದ್ದೀರಿ. ನನ್ನ ಹಳೇ ವಿಡಿಯೋಗಳಲ್ಲಿ ಗೊಂಬೆ ಒಂದೆರಡು ಮಿಲಿಮೀಟರ್ ಜಾರಿದ್ದು ಚೆನ್ನಾಗಿ ಕಾಣುತ್ತದೆ. ಮೂರು ತಿಂಗಳು ದಿನಾ ನೋಡಿದ್ದೆ.