ನೆಂಟರು ಬರುವ ಚಳಿಗಾಲ: ಬಿಸಿನೀರು, ಹೀಟರ್, ನೆಲದ ಹಾಸಿಗೆ – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ನಾವು ನಾಲ್ವರು. ಕ್ರಿಸ್‌ಮಸ್ ರಜೆಗೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಮಕ್ಕಳು, ಅವರ ಅತ್ತೆ–ಮಾವ ಸೇರಿ ಆರು ಜನ ಬರುತ್ತಾರೆ. ತಾರಸಿ ಮೇಲೆ 200 ಲೀಟರ್ ಸೋಲಾರ್ ಇದೆ, ಜೊತೆಗೆ 15 ಲೀಟರ್ ಗೀಸರ್. ಹೋದ ವರ್ಷ ನಾಲ್ಕೈದು ಜನರ ಸ್ನಾನ ಆಗುವಷ್ಟರಲ್ಲಿ ಸೋಲಾರ್ ನೀರು ತಣ್ಣಗಾಯಿತು. ದೊಡ್ಡ ಗೀಸರ್ ಹಾಕಿಸಬೇಕೇ? (ವಿಜಯನಗರ, ಬೆಂಗಳೂರು)

ಬೇಡ. ಮೊದಲು ಶವರ್ ನಿಲ್ಲಿಸಿ.

ಮೈಗೆ ಹಿತವೆನಿಸುವ ನೀರು ಸುಮಾರು 40 ಡಿಗ್ರಿ. ಡಿಸೆಂಬರಿನಲ್ಲಿ ಬೆಳಗಿನ ಜಾವ ಟ್ಯಾಂಕಿನ ತಣ್ಣೀರು 20 ಡಿಗ್ರಿ ಆಸುಪಾಸು ಇರುತ್ತದೆ. ಒಳ್ಳೆಯ ಬಿಸಿಲು ಬಿದ್ದ ದಿನ ಸೋಲಾರ್ ನೀರು 55ರಿಂದ 60 ಡಿಗ್ರಿಗೆ ಏರುವುದರಿಂದ, ಆ 200 ಲೀಟರಿಗೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ 350–400 ಲೀಟರ್ ಸಿಗುತ್ತದೆ. ಒಬ್ಬರಿಗೆ ಒಂದೂವರೆ ಬಕೆಟ್, ಅಂದರೆ 27 ಲೀಟರ್ ಎಂದುಕೊಂಡರೆ ಹದಿಮೂರು ಜನರಿಗೆ ಸಾಕು. ಶವರ್ ನಿಮಿಷಕ್ಕೆ 8–10 ಲೀಟರ್ ಸುರಿಸುತ್ತದೆ. ಅದರ ಕೆಳಗೆ ಹತ್ತು ನಿಮಿಷ ನಿಂತರೆ 90 ಲೀಟರ್ ಖಾಲಿ. ನಾಲ್ಕು ಜನರಿಗೇ ಮುಗಿಯುವುದು ಇದೇ ಲೆಕ್ಕಕ್ಕೆ.

ಎರಡನೆಯ ಸೋರಿಕೆ ಪೈಪಿನದು. ತಾರಸಿಯಿಂದ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 20 ಮೀಟರ್ ಬಂದಿದ್ದರೆ ಅದರೊಳಗೆ ಐದಾರು ಲೀಟರ್ ನೀರು ನಿಂತಿರುತ್ತದೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಏಳೂವರೆಗೆ ಸ್ನಾನ ಮಾಡಿದರೆ ಅಷ್ಟೂ ನೀರು ಪ್ರತಿ ಸಲ ಆರುತ್ತದೆ. ಒಬ್ಬರ ಹಿಂದೆ ಒಬ್ಬರು ಹೋದರೆ ಈ ನಷ್ಟ ಒಂದೇ ಸಲಕ್ಕೆ ಮುಗಿಯುತ್ತದೆ. ಮೊದಲು ಬರುವ ತಣ್ಣೀರನ್ನು ಚೆಲ್ಲಬೇಡಿ. ಬಕೆಟ್ಟಿಗೆ ಹಿಡಿದಿಟ್ಟರೆ ಬೆರಕೆಗೆ ಅದೇ ಆಗುತ್ತದೆ.

ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳದು. ಮಿಕ್ಸರ್ ನಲ್ಲಿಯ ಬಿಸಿ, ತಣ್ಣನೆಯ ಎರಡೂ ತಿರುಪುಗಳನ್ನು ತೆರೆದಿಟ್ಟು ಕೈಶವರಿನ ಗುಂಡಿಯಲ್ಲಷ್ಟೇ ನೀರು ನಿಲ್ಲಿಸುವವರಿದ್ದಾರೆ, ನೆಂಟರ ಮಕ್ಕಳಂತೂ ತಪ್ಪದೆ ಹೀಗೆ ಮಾಡುತ್ತಾರೆ. ಆಗ ಹೆಚ್ಚು ಒತ್ತಡವಿರುವ ತಣ್ಣೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಸೋಲಾರ್ ಕೆಟ್ಟಿದೆ ಎಂದು ಮೆಕ್ಯಾನಿಕ್ಕನ್ನು ಕರೆಸುವ ಮುಂಚೆ ಮನೆಯ ಎಲ್ಲ ಮಿಕ್ಸರುಗಳ ತಿರುಪು ಮುಚ್ಚಿದೆಯೇ ನೋಡಿ.

ಮಕ್ಕಳಿಗೆ ಸಂಜೆ ಸ್ನಾನ ಮಾಡಿಸಿ ಬೆಳಗಿನ ಭಾರ ಇಳಿಸುತ್ತೇವೆ ಎನ್ನುವವರಿದ್ದಾರೆ. ಸೋಲಾರಿಗೆ ಇದರಿಂದ ಲಾಭವಿಲ್ಲ: ಸಂಜೆ ತೆಗೆದ ನೀರಿನ ಜಾಗಕ್ಕೆ ತಣ್ಣೀರು ಬಂದು ಬೆಳಗಿನವರೆಗೆ ಹಾಗೇ ಕೂರುತ್ತದೆ. ಆತುರವಿಲ್ಲದವರನ್ನು 11 ಗಂಟೆಯ ಮೇಲೆ ಕಳಿಸಿ. ಅವರು ಬಳಸಿದಷ್ಟನ್ನು ಮಧ್ಯಾಹ್ನದ ಬಿಸಿಲು ಮತ್ತೆ ಕಾಯಿಸಿಕೊಡುತ್ತದೆ.

ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಎರಡು ದಿನ ಮೋಡ ಕವಿದರೆ ಸೋಲಾರಿನ ಬ್ಯಾಕಪ್ ಕಾಯಿಲ್ ಬೇಕಾಗುತ್ತದೆ. 2000 ವಾಟಿನ ಕಾಯಿಲ್ 200 ಲೀಟರನ್ನು 17 ಡಿಗ್ರಿ ಏರಿಸಲು ಎರಡು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಎದ್ದು ಹಾಕಿದರೆ ಪ್ರಯೋಜನವಿಲ್ಲ, ನಾಲ್ಕು ಗಂಟೆಗೇ ಆನ್ ಆಗಿರಬೇಕು. ನಿಮ್ಮ ಗೀಸರ್ ಒಮ್ಮೆ ಕಾಯಲು 20–25 ನಿಮಿಷ, ಸಿಗುವ ಹದ ನೀರು 30 ಲೀಟರ್. ಒಬ್ಬರಿಗೆ ಒಂದು ಸಲದ್ದು ಎಂದು ಲೆಕ್ಕ ಹಾಕಿ. 40 ನಿಮಿಷ ಹಿಡಿಯುತ್ತಿದೆಯೇ? ಬೋರ್‌ವೆಲ್ ನೀರಿನ ಸುಣ್ಣ ಕಾಯಿಲಿಗೆ ಕಟ್ಟಿರಬಹುದು. ನೆಂಟರು ಬರುವ ವಾರದ ಮುಂಚೆ ಸರ್ವಿಸ್ ಮಾಡಿಸಿ.

ಪ್ರಶ್ನೆ: ಹಾಲಿನಲ್ಲಿ ಮಲಗುವ ಹಿರಿಯರಿಗೆಂದು ರೂಮ್ ಹೀಟರ್ ತಂದೆವು. ಗೀಸರ್, ಹೀಟರ್ ಒಟ್ಟಿಗೆ ಹಾಕಿ ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಹಚ್ಚಿದರೆ ಮನೆಗೆಲ್ಲ ಕರೆಂಟ್ ಹೋಗುತ್ತದೆ. ಹೀಟರ್ ಚುಚ್ಚಿದ ಎಕ್ಸ್‌ಟೆನ್ಶನ್ ಬಾಕ್ಸ್ ಕಂದುಬಣ್ಣಕ್ಕೆ ತಿರುಗಿದೆ. (ಮೈಸೂರು)

ಆ ಬಾಕ್ಸನ್ನು ಇವತ್ತೇ ಎಸೆಯಿರಿ. ಸಾಮಾನ್ಯ ಎಕ್ಸ್‌ಟೆನ್ಶನ್ ಬಾಕ್ಸ್ 6 ಆಂಪಿಯರಿನದು, 2000 ವಾಟಿನ ಹೀಟರ್ ಎಳೆಯುವುದು ಸುಮಾರು 9 ಆಂಪಿಯರ್. ಹೀಟರಿನ ದಪ್ಪ ಪಿನ್ನಿನ ಪ್ಲಗ್ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಹೋಗಬೇಕು, ನಡುವೆ ಯಾವ ಅಡಾಪ್ಟರೂ ಇರಬಾರದು.

ಗೀಸರ್, ಹೀಟರ್, ಇಂಡಕ್ಷನ್ ಒಂದೊಂದೂ 9 ಆಂಪಿಯರ್ ಎಂದರೆ ಮೂರಕ್ಕೇ 27 ಆಯಿತು. ಇಸ್ತ್ರಿಪೆಟ್ಟಿಗೆಗೆ ನಾಲ್ಕು, ಮೇಲೆ ಫ್ರಿಜ್, ನೀರಿನ ಮೋಟರ್. ಮೇನ್ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್) 32 ಆಂಪಿಯರಿನದಾಗಿದ್ದರೆ ಅದು ಬೀಳುವುದೇ ಸರಿ. ದೊಡ್ಡ ಎಂಸಿಬಿ ಹಾಕಿಕೊಡುತ್ತೇನೆ ಎನ್ನುವ ಎಲೆಕ್ಟ್ರಿಷಿಯನ್ನನ್ನು ನಂಬಬೇಡಿ. ಗೋಡೆಯೊಳಗಿನ ವೈರು ಹಳೆಯದೇ ಇರುತ್ತದೆ, ಎಂಸಿಬಿ ಬೀಳದಿದ್ದರೆ ಸುಡುವುದು ಆ ವೈರು. ಮೂರರಲ್ಲಿ ಒಂದು ಹೊತ್ತಿಗೆ ಎರಡೇ ಓಡಲಿ, ಮೋಟರನ್ನು ಮಧ್ಯಾಹ್ನ ಹಾಕಿ. ಬೇರೇನೂ ಓಡದಿದ್ದಾಗಲೂ ಗೀಸರ್ ಸ್ವಿಚ್ ಹಾಕಿದ ಕೂಡಲೇ ಕರೆಂಟ್ ಹೋದರೆ ಅದು ಲೋಡಿನ ಕಥೆಯಲ್ಲ. ಕಾಯಿಲ್ ಒಡೆದು ನೀರಿಗೆ ವಿದ್ಯುತ್ ಸೋರುತ್ತಿರಬಹುದು. ರಿಪೇರಿ ಆಗುವವರೆಗೆ ಅದನ್ನು ಮುಟ್ಟಬೇಡಿ.

ಅಷ್ಟಕ್ಕೂ ಮೈಸೂರಿನ ಚಳಿಗೆ ಇಡೀ ಹಾಲನ್ನು ರಾತ್ರಿಯೆಲ್ಲ ಕಾಯಿಸುವುದು ದುಂದು ಎಂಬುದು ನಮ್ಮ ಅಭಿಪ್ರಾಯ. ಎತ್ತರದ ತಾರಸಿ, ಜಾಲರಿ ಹಾಕಿದ ವೆಂಟಿಲೇಟರ್ ಇರುವ ನಮ್ಮ ಮನೆಗಳಲ್ಲಿ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಮನುಷ್ಯರನ್ನು ಬೆಚ್ಚಗಿಡಿ, ಕೋಣೆಯನ್ನಲ್ಲ. ಮಲಗುವ ಅರ್ಧ ಗಂಟೆ ಮುಂಚೆ ಹೀಟರ್ ಹಾಕಿ, ದೀಪ ಆರಿಸುವಾಗ ಅದನ್ನೂ ಆರಿಸಿ. ಹೊದಿಕೆ, ಪರದೆಗಳಿಂದ ಮೂರು ಅಡಿ ದೂರವಿರಲಿ. ಬಿಸಿನೀರಿನ ಚೀಲವನ್ನು ಮೂರನೇ ಎರಡು ಭಾಗವಷ್ಟೇ ತುಂಬಿ, ಗಾಳಿ ಹೊರದಬ್ಬಿ ಮುಚ್ಚಳ ಬಿಗಿಯಿರಿ. ಕುದಿಯುವ ನೀರು ಬೇಡ, ಟವೆಲ್ ಸುತ್ತದೆ ಕೊಡಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಕಾಲು ಸುಟ್ಟದ್ದೂ ಗೊತ್ತಾಗದು, ಹೀಗಾಗಿ ಅವರಿಗೆ ಚೀಲದ ಬದಲು ಉಣ್ಣೆಯ ಕಾಲುಚೀಲವೇ ಒಳ್ಳೆಯದು.

ಪ್ರಶ್ನೆ: ನಮ್ಮದು ಬಚ್ಚಲೊಳಗೇ ಇರುವ ಗ್ಯಾಸ್ ಗೀಸರ್. ಸಣ್ಣ ಕಿಟಕಿ ಇದೆ. ಇಷ್ಟು ವರ್ಷ ತೊಂದರೆಯಾಗಿಲ್ಲ. ಈ ಸಲ ಎಂಟು ಜನ ಸಾಲಾಗಿ ಸ್ನಾನ ಮಾಡಬೇಕು, ಬಾಣಂತಿ–ಮಗುವೂ ಬರುತ್ತಾರೆ. (ಚಿಕ್ಕಮಗಳೂರು)

ತೊಂದರೆಯಾಗದಿದ್ದುದಕ್ಕೆ ಒಂದು ಕಾರಣ, ಇಷ್ಟು ವರ್ಷ ಒಬ್ಬರೋ ಇಬ್ಬರೋ ಬಳಸಿದ್ದು. ಗ್ಯಾಸ್ ಉರಿಯಲು ಗಾಳಿ ಬೇಕು. ನಾಲ್ಕಡಿ–ಆರಡಿ ಬಚ್ಚಲಿನಲ್ಲಿ ಬಾಗಿಲು ಹಾಕಿ, ಚಳಿಗೆಂದು ಕಿಟಕಿಯನ್ನೂ ಮುಚ್ಚಿದಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಲವಾಗಿ ಅಂಟಿಕೊಳ್ಳುತ್ತದೆ. ಸಾಲಾಗಿ ಸ್ನಾನ ನಡೆದಾಗ ಒಬ್ಬರು ಬಿಟ್ಟುಹೋದ ವಿಷಗಾಳಿ ಮುಂದಿನವರಿಗೆ ಸಿಗುತ್ತದೆ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬೇಡಿ. ಹೊಸ ಗಾಳಿ ಒಳಬರಲು ದಾರಿಯಿಲ್ಲದ ಬಚ್ಚಲಿನಲ್ಲಿ ಫ್ಯಾನನ್ನು ನೆಚ್ಚುವಂತಿಲ್ಲ.

ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಹಿತ್ತಲಿನ ಗೋಡೆಗೆ ಹೋಗಬೇಕು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ರಜೆಯೊಳಗೆ ಆಗದಿದ್ದರೆ ಬಾಗಿಲು, ಕಿಟಕಿ ಪೂರ್ತಿ ತೆರೆದು ಬಕೆಟ್ ತುಂಬಿಸಿ, ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಆರಿಸಿ, ಐದು ನಿಮಿಷ ಬಿಟ್ಟು ಸ್ನಾನಕ್ಕೆ ಹೋಗಲಿ. ಬಾಗಿಲು ಹಾಕಿದ ಮೇಲೆ ಗೀಸರ್ ಉರಿಯಲೇಬಾರದು. ಈ ನಿಯಮವನ್ನು ನೆಂಟರಿಗೆ ಬಾಯಲ್ಲಿ ಹೇಳಿದರೆ ಸಾಲದು, ಬಾಗಿಲಿಗೆ ಬರೆದು ಅಂಟಿಸಿ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ತಕ್ಷಣ ಹೊರಗೆ ಬರಬೇಕು. ಯಾರಾದರೂ ಕುಸಿದಿದ್ದರೆ ಬಾಗಿಲು ತೆರೆದು, ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆತಂದು 108ಕ್ಕೆ ಕರೆ ಮಾಡಿ.

ಬಾಣಂತಿಯ ಕೋಣೆಯಲ್ಲಿ ಇಡುವ ಕೆಂಡದಿಂದಲೂ ಇದೇ ಅಪಾಯ. ಹೊಗೆ ಕಾಣದ ಕೆಂಪು ಕೆಂಡವೇ ಹೆಚ್ಚು ಮೋಸಗಾರ. ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ, ಮಗುವಿನ ತಲೆ ಒಣಗಿಸಲು ಮೆತ್ತನೆಯ ಟವೆಲ್ ಸಾಕು. ಹಿರಿಯರು ಒಪ್ಪದಿದ್ದರೆ ಮಗುವಿನ ವೈದ್ಯರ ಬಾಯಲ್ಲೇ ಹೇಳಿಸಿ.

ಪ್ರಶ್ನೆ: ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಎರಡು ಕೌದಿ ಹೊದ್ದರೂ ಬೆನ್ನು ಕೊರೆಯುತ್ತದೆ ಎನ್ನುತ್ತಾರೆ ನೆಂಟರು. (ಧಾರವಾಡ)

ಒಂದು ಕೌದಿಯನ್ನು ಮೇಲಿನಿಂದ ತೆಗೆದು ಕೆಳಗೆ ಹಾಸಿ. ಬೆಚ್ಚಗಿಡುವುದು ಬಟ್ಟೆಯ ಪದರಗಳ ನಡುವೆ ನಿಂತ ಗಾಳಿ. ಮೈಭಾರಕ್ಕೆ ಕೆಳಗಿನ ಹತ್ತಿ ಅಪ್ಪಚ್ಚಿಯಾಗಿ ಆ ಗಾಳಿ ಹೊರಟುಹೋಗುತ್ತದೆ, ಟೈಲ್ಸ್ ಮೈಶಾಖವನ್ನು ಹೀರುತ್ತಲೇ ಇರುತ್ತದೆ. ತಳದಲ್ಲಿ ಅಮುಕಿದರೂ ಚಪ್ಪಟೆಯಾಗದ ವಸ್ತು ಬೇಕು: ಮಕ್ಕಳ ಆಟದ ಫೋಮ್ ಹಾಳೆ ಅಥವಾ ಯೋಗ ಮ್ಯಾಟ್. ಅದರ ಮೇಲೆ ಚಾಪೆ, ಜಮಖಾನ, ಗಾದಿ, ಕೊನೆಗೆ ಕೌದಿ. ಹೊದೆಯಲು ಮೈಗೆ ತಾಗುವಂತೆ ಹತ್ತಿಯದು, ಅದರ ಮೇಲೆ ಉಣ್ಣೆ ಕಂಬಳಿ. ಹೊರಗೋಡೆಗೆ ತಲೆ ಒತ್ತದಂತೆ ಹಾಸಿ.

ಗಾದಿಗಳನ್ನು ಎರಡು ದಿನ ಮುಂಚೆ ತಾರಸಿಗೆ ಹಾಕಿ, ಮಗ್ಗುಲಿಗೆ ಎರಡು ಗಂಟೆಯಂತೆ ಬಿಸಿಲು ಕಾಯಿಸಿ, ನಾಲ್ಕು ಗಂಟೆಯೊಳಗೆ ಒಳಗೆ ತನ್ನಿ. ತಡವಾದರೆ ಸಂಜೆಯ ತಂಪಿಗೆ ತೇವ ಮತ್ತೆ ಸೇರುತ್ತದೆ. ಟ್ರಂಕಿನಿಂದ ತೆಗೆದ ರಗ್ಗಿಗೆ ನ್ಯಾಫ್ತಲೀನ್ ಗುಳಿಗೆಯ ವಾಸನೆ ಇದ್ದರೆ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗೆ ಹಾಕದೆ ಹಸುಗೂಸಿನ ಹತ್ತಿರ ತರಬೇಡಿ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಿಸಬಲ್ಲದು. ವರ್ಷ ತುಂಬದ ಮಗುವನ್ನು ದೊಡ್ಡವರ ಕಂಬಳಿಯೊಳಗೆ ಸೇರಿಸಿ ಮಲಗಿಸಬಾರದು, ಬೆಚ್ಚನೆಯ ಅಂಗಿ ಹಾಕಿ ಬೇರೆ ಹಾಸಿಗೆಯಲ್ಲಿ ಮಲಗಿಸಿ. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವುದಾದರೆ ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿರಲಿ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಉಸಿರಿನ ತೇವ ಗಾಜಿನ ಮೇಲೆ ಇಳಿಯುತ್ತದೆ, ಬೆಳಿಗ್ಗೆ ಎಲ್ಲರಿಗೂ ತಲೆ ಭಾರ.

ಪ್ರಶ್ನೆ: ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ. ಹತ್ತು ಜನರ ತಿಂಡಿಗೆ ಏನು ಮಾಡಲಿ? (ಹಾಸನ)

ರಾತ್ರಿ ಒಂಬತ್ತಕ್ಕೆ ರುಬ್ಬುವ ಅಭ್ಯಾಸವನ್ನು ಸಂಜೆ ನಾಲ್ಕಕ್ಕೆ ತನ್ನಿ. ಹಿಟ್ಟಿಗೆ 28–32 ಡಿಗ್ರಿ ಶಾಖ ಸಿಕ್ಕರೆ ಎಂಟು–ಹತ್ತು ಗಂಟೆ ಸಾಕು. 20 ಡಿಗ್ರಿಯ ಅಡುಗೆಮನೆಯಲ್ಲಿ ಹದಿನಾಲ್ಕು ಗಂಟೆಯೂ ಹಿಡಿಯಬಹುದು. ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ, ಉಗುರುಬೆಚ್ಚಗಿನ ನೀರಲ್ಲಿ ರುಬ್ಬಿ, ಕೈಯಿಂದಲೇ ಚೆನ್ನಾಗಿ ಕಲಸಿ. ಪಾತ್ರೆ ಅರ್ಧಕ್ಕಿಂತ ಸ್ವಲ್ಪ ಮೇಲಿನವರೆಗೆ ಮಾತ್ರ ತುಂಬಿರಲಿ. ಅದನ್ನು ಬಿಸಿನೀರಿನ ಎರಡು ಬಾಟಲಿಗಳ ಜೊತೆ ಥರ್ಮೋಕೋಲ್ ಡಬ್ಬಿಯಲ್ಲೋ, ದೀಪ ಮಾತ್ರ ಹಚ್ಚಿದ ಓವನ್ನಿನೊಳಗೋ ಇಡಿ. ಬೆಳಿಗ್ಗೆಯೂ ಉಬ್ಬಿರದಿದ್ದರೆ ಸೋಡಾ ಸುರಿಯಬೇಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ, ಅದೇ ಹಿಟ್ಟಿನಲ್ಲಿ ದಪ್ಪ ದೋಸೆ ಹೊಯ್ದು ಮುಚ್ಚಳ ಮುಚ್ಚಿ ಬೇಯಿಸಿ.