9 ತಿಂಗಳ ಮಗು, ಮುಂದಿನ ತಿಂಗಳಿಂದ ಆಫೀಸು: ಎದೆಹಾಲು ಪೂರ್ತಿ ಬಿಡಿಸಲೇಬೇಕೇ?

ಬೇಕಿಲ್ಲ. ಹಗಲು 9 ಗಂಟೆಗಳ ಕಾಲ ಮನೆಯಲ್ಲಿರುವುದಿಲ್ಲ ಎಂದಿದ್ದೀರಿ. ಹಾಗಿದ್ದರೆ ಹಗಲಿನ ಎರಡು-ಮೂರು ಸಲದ ಹಾಲು ಬಿಡಿಸಿದರೆ ಸಾಕು. ಬೆಳಗ್ಗೆ, ಸಂಜೆ, ರಾತ್ರಿಯದು ಮುಂದುವರಿಯಲಿ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕುಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಒಂದು ತಿಂಗಳು ಕೈಯಲ್ಲಿರುವುದು ಒಳ್ಳೆಯದಾಯಿತು. ಎದೆ ಖಾಲಿಯಾದಷ್ಟೂ ಹಾಲು ಊರುತ್ತದೆ, ತುಂಬಿಯೇ ಇದ್ದರೆ ಕಡಿಮೆಯಾಗುತ್ತಾ ಬರುತ್ತದೆ. ಮಗು ಅಷ್ಟಾಗಿ ಹಟ ಮಾಡದ ಹೊತ್ತಿನದನ್ನು ಮೊದಲು ಬಿಡಿಸಿ, ಸಾಮಾನ್ಯವಾಗಿ ಅದು ಮಧ್ಯಾಹ್ನದ್ದು. 5–7 ದಿನ ಬಿಟ್ಟು ಇನ್ನೊಂದು. ನಡುವೆ ಎದೆ ಬಿಗಿದರೆ ಬಿಗಿತ ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಿ. ಬೆರಳು ತೊಟ್ಟಿನ ಮೇಲೆ ಬೇಡ, ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿರಲಿ. ಮೊದಲು ಪಕ್ಕೆಲುಬಿನ ಕಡೆಗೆ ಒತ್ತಿ, ಆಮೇಲೆ ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು ಬಿಡಿ. ಚರ್ಮ ಉಜ್ಜಬೇಡಿ. ಪೂರ್ತಿ ಖಾಲಿ ಮಾಡಿದರೆ ಮತ್ತೆ ಅಷ್ಟೇ ತುಂಬುತ್ತದೆ, ಪಟ್ಟ ಕಷ್ಟ ವ್ಯರ್ಥ. ಬಳಿಕ ತಣ್ಣನೆ ಬಟ್ಟೆ 10–15 ನಿಮಿಷ ಇಡಿ. ಹಾಲು ಬತ್ತಲೆಂದು ಎದೆಗೆ ಬಟ್ಟೆ ಬಿಗಿದು ಕಟ್ಟುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನೋವು ಹೆಚ್ಚುತ್ತದೆ, ಅಲ್ಲಲ್ಲಿ ಹಾಲು ಕಟ್ಟಿ ಗಂಟಾಗುತ್ತದೆ.

ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಸೋಂಕಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಆಗ ಥಟ್ಟನೆ ಕುಡಿಸುವುದನ್ನು ನಿಲ್ಲಿಸಿದರೆ ಕೀವುಗಟ್ಟುವ ಅಪಾಯ ಜಾಸ್ತಿ. ಆ ಹಾಲಿನಿಂದ ಮಗುವಿಗೆ ತೊಂದರೆಯಿಲ್ಲ.

ಹಗಲಿಗೂ ನಿಮ್ಮದೇ ಹಾಲು ಕೊಡಬೇಕೆಂದಿದ್ದರೆ ಬಿಡಿಸುವ ಬದಲು ಆಫೀಸಿನಲ್ಲಿ 3–4 ಗಂಟೆಗೊಮ್ಮೆ 15–20 ನಿಮಿಷ ಪಂಪ್ ಮಾಡಿ (ಎದೆಹಾಲು ತೆಗೆಯುವ ಪಂಪಿನಿಂದ). ನೋವಾದರೆ ಬಹುತೇಕ ಪಂಪಿನ ಕೊಳವೆಬಾಯಿಯ ಅಳತೆಯೇ ಕಾರಣ: ತೊಟ್ಟು ಅದರೊಳಗೆ ಸಲೀಸಾಗಿ ಓಡಾಡಬೇಕು, ಸುತ್ತಲಿನ ಕಪ್ಪು ಚರ್ಮ ಹೆಚ್ಚು ಒಳಗೆ ಎಳೆದುಕೊಳ್ಳಬಾರದು. 60–120 ಮಿಲಿಯಂತೆ ತುಂಬಿ ದಿನಾಂಕ ಬರೆಯಿರಿ. 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇಡಬಹುದು. ಬಾಗಿಲಿನ ತಟ್ಟೆಯಲ್ಲಿ ಬೇಡ, ಅಲ್ಲಿ ತಂಪು ಏರಿಳಿಯುತ್ತದೆ. ಮೇಲೆ ಕೆನೆ ಕಟ್ಟುವುದು ಸಹಜ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬೆಚ್ಚಗಾಗಿಸಲು ಬಿಸಿನೀರಿನ ಪಾತ್ರೆಯಲ್ಲಿಡಿ. ಮೈಕ್ರೋವೇವ್ ಬೇಡವೇ ಬೇಡ: ಒಂದೇ ಸಮನೆ ಕಾಯುವುದಿಲ್ಲ, ಮಗುವಿನ ಬಾಯಿ ಸುಡಬಹುದು. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಮುಗಿಸಿ, ಇಲ್ಲವೇ ಚೆಲ್ಲಿ.

ಪಂಪ್ ಆಗದಿದ್ದರೆ ಬದಲಿಗೆ ಫಾರ್ಮುಲಾ (ಶಿಶುಗಳಿಗೆಂದೇ ತಯಾರಿಸಿದ ಹಾಲು) ಕೊಡಿ. ವರ್ಷ ತುಂಬುವ ಮುಂಚೆ ಹಸುವಿನ ಹಾಲನ್ನೇ ಮುಖ್ಯವಾಗಿ ಕುಡಿಸಬಾರದು. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಈ ವಯಸ್ಸಿಗೆ ಬಾಟಲಿ ರೂಢಿ ಮಾಡಿಸಬೇಕಿಲ್ಲ, ನೇರ ಲೋಟದಲ್ಲೇ ಕುಡಿಸಬಹುದು. ಮೊದಲ ದಿನಗಳಲ್ಲಿ ಬೇರೆಯವರು ಕುಡಿಸಲಿ, ನೀವು ಕಣ್ಣಿಗೆ ಬೀಳಬೇಡಿ. ಕೆಲವು ಮಕ್ಕಳು ಹಗಲು ಕಡಿಮೆ ಕುಡಿದು ಸಂಜೆಯಿಂದ ಬೆಳಗಿನವರೆಗೆ ಅದನ್ನು ಸರಿದೂಗಿಸಿಕೊಳ್ಳುತ್ತವೆ. ಒದ್ದೆ ಡೈಪರ್ ಎಂದಿನಷ್ಟೇ ಇದ್ದು, ತೂಕ ಏರುತ್ತಿದ್ದರೆ ಗಾಬರಿ ಬೇಡ.